ತಿರುವಿನಲ್ಲಿ ಹರಡಿದ ಹುರುಳಿ

ನಲವತ್ತು ದಾಟಿದ ಮೇಲೆ ನನಗೆ ಬೈಕ್ ಕಲಿಸಿದವರು ಸಾಲಿಗ್ರಾಮದ ನಮ್ಮ ಪಕ್ಕದ ಮನೆಯ ರೈತರು. ಹೊರಡುವ ಮೊದಲು ನನ್ನ ಹೆಲ್ಮೆಟ್ಟನ್ನು ತೆಂಗಿನಕಾಯಿಯಂತೆ ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ದಾರಿಯಲ್ಲಿ ಮರಳು ಕಂಡರೂ ಕೆಸರು ಕಂಡರೂ ಅವರದು ಒಂದೇ ಮಾತು: "ಇಳ್ದು ತಳ್ಳವ್ವ. ಮಾನ ಏನೂ ಓಗಕಿಲ್ಲ."

ಒಂದು ಬೆಳಿಗ್ಗೆ ಊರಾಚೆಯ ತಿರುವಿನಲ್ಲಿ ಟಾರಿನ ಮೇಲೆ ಹುರುಳಿ ಗಿಡ ಹರಡಿತ್ತು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ನಮ್ಮ ಕಡೆ ಹಾಗೆ ಹರಡುತ್ತಾರೆ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಚಕ್ರ ಜಾರಿತು, ಹಿಂದೆ ಕೂತಿದ್ದ ಅವರು ಎರಡೂ ಕಾಲೂರಿ ಬೀಳದಂತೆ ತಡೆದರು.

ಇಳಿದು ತಳ್ಳುತ್ತಾ ರೇಗಿದೆ: "ಯಾವ ಪುಣ್ಯಾತ್ಮ ತಿರುವಲ್ಲೇ ಹರಡಿದ್ದಾನೋ!"

ಅವರು ಬಗ್ಗಿ ಚಕ್ರಕ್ಕೆ ಸಿಕ್ಕಿದ್ದ ಗಿಡ ಬಿಡಿಸಿದರು. "ನಮ್ಮನೇದೇ ಕಣವ್ವ," ಎಂದರು ಆಮೇಲೆ.

ಗಾಡಿಗೆ ಸ್ಟ್ಯಾಂಡ್ ಹಾಕಿ, ಹೆಗಲ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಹುರುಳಿಯನ್ನು ಬಾಚತೊಡಗಿದರು. ನಾನೂ ಕೈ ಹಾಕಿದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಊರಿನವನೊಬ್ಬ, "ಅಣ್ಣೋ, ಕಾಳೇ ಉದುರಿಲ್ಲ, ಆಗ್ಲೇ ಬಾಚ್ತಾ ಇದ್ದೀಯಲ್ಲ?" ಎಂದು ನಕ್ಕ.

ಅವರು ತಲೆ ಎತ್ತಲಿಲ್ಲ. "ಮಾನ ಏನೂ ಓಗಕಿಲ್ಲ, ಬುಡ್ಲಾ," ಎಂದು ಇನ್ನೊಂದು ತೆಕ್ಕೆ ಎತ್ತಿಕೊಂಡರು.