ಮಾತಿನ ಬಾಲ ನುಂಗುವ ಫೋನು

ಕಳೆದ ತಿಂಗಳು ತಂಗಿ ಕರೆ ಮಾಡಿ ಕೇಳಿದಳು, "ಅಕ್ಕ, ನಿನ್ನ ಫೋನು ಹೇಗುಂಟು? ನನ್ನದರ ಗ್ಲಾಸು ಒಡೆದಿದೆ. ನಿನ್ನದೇ ತೆಗೊಳ್ಳುವುದಾ ಅಂತ." ಎರಡು ವರ್ಷ ಅದನ್ನು ಸಹಿಸಿಕೊಂಡವಳು ನಾನು. ಆದರೂ ಭಾನುವಾರ ಅವಳ ಮನೆಗೆ ಬಂದು ಹೇಳುತ್ತೇನೆ ಎಂದೆ. ಈಗೀಗ ನನ್ನ ಎಲ್ಲ ಉತ್ತರಗಳೂ ಭಾನುವಾರಕ್ಕೇ ಹೋಗುತ್ತವೆ.

ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆಯುವ ಕೆಲಸ ನನ್ನದು. ಸಂಜೆ ನಂತೂರಿನಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟರೆ, ಜೆಪ್ಪಿನ ಮನೆ ತಲುಪುವಷ್ಟರಲ್ಲಿ ನಾನೂ ಫೋನೂ ಒಟ್ಟಿಗೆ ಆರಿಹೋಗುತ್ತೇವೆ. ಅದನ್ನು ಪೂರ್ತಿ ದೂರುವಂತೆಯೂ ಇಲ್ಲ. ಕ್ಲಿನಿಕ್ಕಿನ ಕಲ್ಲಿನ ನೆಲದ ಮೇಲೆ ನಾಲ್ಕು ಸಲ ಬಿದ್ದರೂ ಬದುಕಿದೆ. ಸೆಕೆಗಾಲದಲ್ಲಿ ದೋಸೆ ಕಾವಲಿಯ ಹಾಗೆ ಬಿಸಿಯಾಗುತ್ತದೆ, ನಿಜ. ಸೆಕೆಗಾಲದಲ್ಲಿ ನಾನೇನು ತಣ್ಣಗಿರುತ್ತೇನೆಯೇ? ಫೋಟೋದಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡುತ್ತದೆ. ಅದಕ್ಕೆ ಯಾರೂ ತಕರಾರು ಮಾಡಿಲ್ಲ.

ಅದರ ನಿಜವಾದ ರೋಗ ಕೊಂಡ ಆರು ತಿಂಗಳ ಮೇಲೆ ಶುರುವಾಯಿತು. ವಾಯ್ಸ್ ಮೆಸೇಜ್ ಕಳಿಸಿದರೆ ಕೊನೆಯ ಒಂದು ತುಣುಕು ನುಂಗತೊಡಗಿತು. ನಮ್ಮ ಮಾತುಗಳಲ್ಲೋ ಹೌದು, ಅಲ್ಲ, ಬೇಕು, ಬೇಡ ಎಲ್ಲ ತುದಿಯಲ್ಲೇ ಕುಳಿತಿರುತ್ತವೆ. ಒಮ್ಮೆ ಡಾಕ್ಟರಿಗೆ "ನಾಳೆ ನನಗೆ ರಜೆ ಬೇ" ಎಂದಷ್ಟೇ ಹೋಗಿತ್ತು. "ಬೇಕಾ, ಬೇಡವಾ? ಒಂದು ಹೇಳಿ ಮಾರಾಯ್ರೆ" ಎಂದು ಅವರು ಎಲ್ಲರ ಮುಂದೆ ನಕ್ಕರು.

ರಿಪೇರಿಗೆ ಕೊಟ್ಟರೆ ಎರಡು ದಿನ ಫೋನಿಲ್ಲದೆ ಕೂರಬೇಕು. ಅದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡೆ. ಪ್ರತಿ ಮಾತಿನ ಕೊನೆಗೆ ಒಂದು "ಮಾರಾಯ್ತಿ" ಸೇರಿಸುವುದು. ಫೋನು ಆ ಮಾರಾಯ್ತಿಯನ್ನು ತಿಂದುಕೊಳ್ಳಲಿ, ಹೇಳಬೇಕಾದದ್ದು ಉಳಿಯಲಿ. "ಮೀನು ತಂದಿದ್ದೇನೆ ಮಾರಾಯ್ತಿ", "ಬಸ್ಸು ಸಿಗಲಿಲ್ಲ ಮಾರಾಯ್ತಿ". ಊರಿನ ಚಾಳಿಯೊಂದು ಹೀಗೆ ಉಪಯೋಗಕ್ಕೆ ಬಂತಲ್ಲ ಎಂದು ನನಗೆ ನನ್ನ ಮೇಲೆಯೇ ಮೆಚ್ಚುಗೆ.

ತಂಗಿ ಹನ್ನೆರಡು ವರ್ಷ ಗಲ್ಫಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನನ್ನ ಹಾಗೆ ಅವಳೂ ಒಂಟಿ. ಕಳೆದ ವರ್ಷ ಕೆಲಸ ಬಿಟ್ಟು ಬರುತ್ತೇನೆ ಎಂದಾಗ ನಾನು ಒಳಗಿನ ಕೋಣೆಗೆ ಸುಣ್ಣ ಹೊಡೆಸಿದೆ, ಕಿಟಕಿಯ ಪಕ್ಕಕ್ಕೆ ಮಂಚ ಹಾಕಿಸಿದೆ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಇನ್ನು ಮುಂದೆ ಸಂಜೆ ಬಾಗಿಲು ತೆರೆಯಲು ಒಳಗೊಬ್ಬಳು ಇರುತ್ತಾಳೆ ಎಂಬ ಆಸೆಯಲ್ಲೇ ಆ ತಿಂಗಳು ಕಳೆದೆ. ಹೊರಡುವ ವಾರ ಅವಳ ಮೆಸೇಜ್ ಬಂತು: ನಿನಗೆ ತೊಂದರೆ ಬೇಡ, ನಾನು ಬೇರೆ ಮನೆ ನೋಡಿಕೊಳ್ಳಲಾ? ನಾನು ಬಸ್ಸಿನಿಂದಲೇ ಉತ್ತರ ಹೇಳಿದೆ. "ಸರಿ ಅಕ್ಕ" ಎಂದು ಬರೆದಳು. ಬಂದವಳು ಎರಡೇ ವಾರಕ್ಕೆ ಕೂಳೂರಿನಲ್ಲಿ ಬಾಡಿಗೆ ಮನೆ ಹಿಡಿದಳು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. "ನಿನ್ನ ಇಷ್ಟ" ಎಂದೆ, ಅಷ್ಟೇ. ಗಲ್ಫಿನಲ್ಲಿದ್ದವಳಿಗೆ ನನ್ನ ಮನೆ ಸಾಲದೆ ಹೋಯಿತು ಎಂದುಕೊಂಡು ಒಂದು ವರ್ಷ ಒಳಗೊಳಗೇ ಬೆಂದೆ. ಕೇಳಲಿಲ್ಲ.

ಆ ಭಾನುವಾರ ಕೂಳೂರಿಗೆ ಹೋದೆ. ಚಹಾ ಕುಡಿಯುತ್ತ ಫೋನಿನ ಗುಣದೋಷಗಳನ್ನೆಲ್ಲ ಒಪ್ಪಿಸಿದೆ. ಬಾಲ ನುಂಗುವ ಕತೆಗೆ ಬಂದಾಗ, ನಗುತ್ತಾಳೆ ಎಂದುಕೊಂಡಿದ್ದೆ.

ನಗಲಿಲ್ಲ. "ಯಾವಾಗಿನಿಂದ ಹಾಗೆ?"

"ಒಂದೂವರೆ ವರ್ಷ ಆಯ್ತಲ್ಲ. ನಿನಗೆ ಗೊತ್ತಾಗ್ಲಿಲ್ವಾ?"

"ಇಲ್ಲ. ನಿನ್ನದು ಎಲ್ಲ ಸರಿಯೇ ಕೇಳ್ತಿತ್ತು."

ಅವಳು ಒಡೆದ ಗಾಜಿನ ಮೇಲೆ ಬೆರಳಾಡಿಸುತ್ತ ಹಳೆಯ ಮೆಸೇಜುಗಳಿಗೆ ಹೋದಳು. ತುಂಬ ಹೊತ್ತು ಹುಡುಕಿ, ಒಂದನ್ನು ಒತ್ತಿ, ಫೋನನ್ನು ನಮ್ಮಿಬ್ಬರ ನಡುವೆ ಇಟ್ಟಳು. ಬಸ್ಸಿನ ಹಾರ್ನು ಕೇಳಿಸಿತು. ಆಮೇಲೆ ನನ್ನ ದನಿ, ನಮ್ಮ ತುಳುವಿನಲ್ಲಿ: "ನಿಕ್ಕ್ ಬೇತೆ ಇಲ್ಲ್ ಬೊ". ನಿನಗೆ ಬೇರೆ ಮನೆ ಬೇ. ಅಲ್ಲಿಗೆ ಮುಗಿಯಿತು.

ನಾನು ಹೇಳಿದ್ದು ಬೊಡ್ಚಿ, ಬೇಡ. ಅವಳಿಗೆ ಕೇಳಿಸಿದ್ದು ಬೋಡು, ಬೇಕು. ಹೆದರಿಕೊಂಡೇ ಕೇಳಿದವಳು, ಹೆದರಿದ್ದನ್ನೇ ಕೇಳಿಸಿಕೊಂಡಿದ್ದಳು.

ಆ ದಿನ ನಾನು ಮಾರಾಯ್ತಿ ಹಾಕಿರಲಿಲ್ಲ. ಮರೆತದ್ದಲ್ಲ. ತಂಗಿ ಇಷ್ಟು ವರ್ಷದ ಮೇಲೆ ಮನೆಗೆ ಬರುವ ಮಾತು. ಅದರ ಬೆನ್ನಿಗೆ ತಮಾಷೆಯ ಶಬ್ದವೊಂದನ್ನು ಅಂಟಿಸುವುದು ಸರಿಯಲ್ಲ ಎಂದು ಬೇಕೆಂದೇ ಬಿಟ್ಟಿದ್ದೆ. ಮೀನಿಗೂ ಬಸ್ಸಿಗೂ ಕೊಟ್ಟ ಮರ್ಯಾದೆಯನ್ನು ಅವಳಿಗೆ ಕೊಡಲಿಲ್ಲ. ಅದನ್ನು ಅವಳಿಗೆ ಹೇಳಿದೆ.

"ಒಂದು ಸಲ ಪುನಃ ಕೇಳಬಹುದಿತ್ತಲ್ಲ ನೀನು," ಎಂದೆ.

"ನೀನೂ ಕೇಳ್ಲಿಲ್ಲ," ಎಂದಳು. ಸಿಟ್ಟಿರಲಿಲ್ಲ ಅವಳಲ್ಲಿ. ನನ್ನಷ್ಟೇ ದಣಿದಿದ್ದಳು.

ಚಹಾ ಆರಿತ್ತು. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು, ತೊಳೆದಳು, ಬಂದಳು. "ಹಾಗಾದ್ರೆ ಈ ಫೋನು ತೆಗೊಳ್ಳುವುದು ಬೇಡ ಅಲ್ವಾ?"

"ಬೇಡ," ಎಂದೆ. ಎರಡು ವರ್ಷದ ಬಳಕೆಯ ಮೇಲೆ ನಾನು ಕೊಟ್ಟ ತೀರ್ಪು ಅಷ್ಟೇ. ಬ್ಯಾಟರಿಯ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ಧೈರ್ಯ ಮಾಡಿ ಹೇಳಿದೆ, "ಕೋಣೆ ಹಾಗೆಯೇ ಉಂಟು. ಮಂಚವೂ ಉಂಟು. ಈಗಾದ್ರೂ ಬಾ."

ಅವಳು ಹಿತ್ತಿಲಿನ ಕಡೆ ನೋಡಿದಳು. ಅಲ್ಲಿ ಬಸಳೆಗೆ ಅವಳೇ ಕಟ್ಟಿದ ಚಪ್ಪರ, ಒಗೆದು ಹಾಕಿದ ನರ್ಸಿನ ಬಿಳಿ ಕೋಟು. ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ನಡೆದೇ ಹೋಗಿಬರುತ್ತಾಳೆ. ನನ್ನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

"ಈಗ ಬೊಡ್ಚಿ, ಅಕ್ಕ."

ಮೊಳದಷ್ಟು ದೂರದಲ್ಲಿ ಕುಳಿತು ಹೇಳಿದ್ದು. ಕೊನೆಯ ಅಕ್ಷರದವರೆಗೂ ನನಗೆ ಸರಿಯಾಗಿ ಕೇಳಿಸಿತು.