ಅಜ್ಜಿ ನೀರು ಹುಯ್ದುಕೊಳ್ಳದ ದೀಪಾವಳಿ

ಆಗಿನ್ನೂ ಮತ್ತಿಕೆರೆಯಲ್ಲಿ ನಮ್ಮದರಂಥ ಹೆಂಚಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಬಚ್ಚಲಲ್ಲಿ ಸೌದೆ ಒಲೆ, ಅದರ ಮೇಲೆ ತಾಮ್ರದ ಹಂಡೆ. ನೀರು ತುಂಬುವ ಹಬ್ಬದ ಸಂಜೆ ಅಜ್ಜಿ ಆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕೊರಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಚೆಂಡುಹೂವಿನ ಸರ ಸುತ್ತಿ ನೀರು ತುಂಬುತ್ತಿದ್ದಳು. ಮರುದಿನ ನರಕ ಚತುರ್ದಶಿ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ. ಬೆಳಕು ಹರಿಯುವ ಮೊದಲೇ ಅಜ್ಜಿ ನಮ್ಮನ್ನು ಮಣೆಯ ಮೇಲೆ ಕೂರಿಸಿ, ಗರಿಕೆಯನ್ನು ಎಳ್ಳೆಣ್ಣೆಯಲ್ಲಿ ಅದ್ದಿ ನೆತ್ತಿಗೆ ಮುಟ್ಟಿಸಿ, ತಲೆ ತಿಕ್ಕುತ್ತ ಕಥೆ ಹೇಳಿದಳು. ನರಕಾಸುರನನ್ನು ಕೊಂದಾಗ ಕೃಷ್ಣನ ಮೈಗೆ ರಕ್ತ ಸಿಡಿಯಿತಂತೆ, ಅದನ್ನು ತೊಳೆಯಲು ಎಣ್ಣೆಸ್ನಾನ. ಸತ್ತ ನರಕ ಭೂದೇವಿಯ ಮಗ. ಈ ದಿನ ಯಾರೂ ಅಳಬಾರದು, ದೀಪ ಹಚ್ಚಬೇಕು ಎಂದು ಆ ತಾಯಿಯೇ ಬೇಡಿಕೊಂಡಳಂತೆ.

ಮೊದಲು ಸ್ನಾನ ಮುಗಿಸಿದವನು ಮಂಜು ಚಿಕ್ಕಪ್ಪ, ಅಜ್ಜಿಯ ಕಿರಿಯ ಮಗ. ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ನನ್ನ ಸ್ನಾನವೂ ಆದಮೇಲೆ, ಸೀಗೆಕಾಯಿ ಘಮದ ಒದ್ದೆ ತಲೆಯಲ್ಲೇ ನನ್ನನ್ನು ಕರೆದುಕೊಂಡು ಹೂಕುಂಡ ಹಚ್ಚಲು ಬೀದಿಗೆ ಬಂದ. ಎರಡು ಚೆನ್ನಾಗಿ ಉರಿದವು. ಮೂರನೆಯದು ಚುರುಗುಟ್ಟಿ ಸುಮ್ಮನಾಯಿತು. ಕಾದು ನೋಡಿ, ನನ್ನನ್ನು ಹಿಂದಕ್ಕೆ ಸರಿಸಿ, ಅವನು ಬಗ್ಗಿದ. ಅದು ಸಿಡಿಯಿತು.

ಅವನು ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಆಗಷ್ಟೇ ತನ್ನ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಅಜ್ಜಿ ಹಾಗೇ ಓಡಿಬಂದು ಅವನ ಕೈ ಬಿಡಿಸಿ ನೋಡಿದಳು. ನೋಡಿ, ಸೆರಗಿನಿಂದ ನನ್ನ ಕಣ್ಣು ಮುಚ್ಚಿದಳು.

ವ್ಯಾನ್ ಬಾಗಿಲಲ್ಲೇ ನಿಂತಿತ್ತು. ಅದನ್ನು ಓಡಿಸಲು ಬರುತ್ತಿದ್ದುದು ಚಿಕ್ಕಪ್ಪನಿಗೆ ಮಾತ್ರ. ಅಪ್ಪ ಆಟೋ ಹುಡುಕಿಕೊಂಡು ಮೇನ್ ರೋಡಿಗೆ ಓಡಿದರು. ಹಬ್ಬದ ಬೆಳಿಗ್ಗೆ, ಆಟೋ ಎಲ್ಲಿ? ಪಕ್ಕದ ಬೀದಿಯಲ್ಲಿ ಸರಪಟಾಕಿ ಹೊಡೆದಾಗಲೆಲ್ಲ ಚಿಕ್ಕಪ್ಪನ ಭುಜ ನಡುಗುತ್ತಿತ್ತು. ಕೊನೆಗೊಂದು ಆಟೋ ಬಂತು. ಅಜ್ಜಿ ನನ್ನ ಕೈ ಬಿಡಲೇ ಇಲ್ಲ, ನಾನೂ ಹೋದೆ.

ಕಣ್ಣಿನ ಆಸ್ಪತ್ರೆಯಲ್ಲಿ ಆಗಲೇ ಪಟ್ಟಿ ಕಟ್ಟಿಕೊಂಡ ಮಕ್ಕಳಿದ್ದರು. ಬಲಗಣ್ಣಿಗೆ ಆಪರೇಷನ್ ಮಾಡಿದ ಡಾಕ್ಟರು, ಪಟ್ಟಿ ಬಿಚ್ಚುವ ತನಕ ಏನೂ ಹೇಳಲಾಗದು ಎಂದರು. ಅಜ್ಜಿ ಕಾರಿಡಾರಿನ ಗೋಡೆಗೊರಗಿ ಕುಳಿತಳು. ಎಣ್ಣೆ ಹಣೆಯಿಂದ ಇಳಿದು ಕಣ್ಣು ಉರಿಸುತ್ತಿತ್ತು. ಅಮ್ಮ ಬಂದು, ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ ಅತ್ತೆ, ನಾನಿರುತ್ತೇನೆ ಎಂದರು.

"ಮಂಜ ಕಣ್ಣು ಬಿಡ್ಲಿ ಕಣವ್ವ. ಆಮೇಲೆ ನೀರು ಉಯ್ಕೊತೀನಿ," ಎಂದಳು ಅಜ್ಜಿ. ಬಹಳ ಹೊತ್ತಿನ ಮೇಲೆ, ಯಾರಿಗೂ ಅಲ್ಲದಂತೆ, "ಮಗನ್ನ ಕಳ್ಕೊಂಡೋಳು ಅಬ್ಬ ಮಾಡಿ ಅಂದ್ಳಂತೆ. ಅದೆಂಗೆ ಬಾಯಿ ಬಂತೋ ಆಯಮ್ಮಂಗೆ," ಎಂದಳು.

ಅಮಾವಾಸ್ಯೆಯ ಲಕ್ಷ್ಮೀಪೂಜೆ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಬಲಿಪಾಡ್ಯಮಿಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ಎಡಗಣ್ಣು ಮುಚ್ಚಿಸಿ, ಬಲಗಣ್ಣಿಗೆ ಟಾರ್ಚ್ ಹಿಡಿದು ಏನಾದರೂ ಕಾಣುತ್ತಿದೆಯಾ ಎಂದು ಕೇಳಿದರು. ಚಿಕ್ಕಪ್ಪ ಮುಖವನ್ನು ಅತ್ತಿತ್ತ ಹೊರಳಿಸಿ ನೋಡಿದ. ಅಜ್ಜಿಯ ಉಗುರು ನನ್ನ ಅಂಗೈಗೆ ಚುಚ್ಚುತ್ತಿತ್ತು.

"ಬೆಳಕು ಅಂತ ಗೊತ್ತಾಗ್ತಿದೆ ಸಾರ್. ಅಷ್ಟೇ."

ಆ ಕಣ್ಣಿಗೆ ಇನ್ನು ಅಷ್ಟೇ ಎಂದು ಡಾಕ್ಟರು ಹೊರಗೆ ಬಂದು ಅಪ್ಪನಿಗೆ ಹೇಳಿದ್ದನ್ನು ಅಜ್ಜಿಯೂ ಕೇಳಿಸಿಕೊಂಡಳು. ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡಳು. ನೀರಿನ ಸದ್ದಿನ ನಡುವೆ ಅವಳು ಅಳುವುದು ಬಚ್ಚಲ ಬಾಗಿಲಾಚೆಗೂ ಕೇಳಿಸಿತು. ಸಂಜೆ ತಾನೇ ಕುಳಿತು ಬತ್ತಿ ಹೊಸೆದು, ಜಗುಲಿಯ ಉದ್ದಕ್ಕೂ ದೀಪ ಇಟ್ಟಳು. ಯಾಕಮ್ಮ ಈಗ ಇದೆಲ್ಲ ಎಂದರು ಅಪ್ಪ. "ಬೆಳಕು ಗೊತ್ತಾಯ್ತದಂತಲ್ಲ ಅವನಿಗೆ. ಬಂದಾಗ ಮನೆ ಕತ್ಲೆ ಇರಬಾರ್ದು," ಎಂದಳು.

ಚಿಕ್ಕಪ್ಪ ಮತ್ತೆ ವ್ಯಾನ್ ಓಡಿಸಲಿಲ್ಲ. ಸಂಜಯನಗರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ, ಮದುವೆಯಾದ, ಮಕ್ಕಳಾದವು. ಅಜ್ಜಿ ಈಗಿಲ್ಲ. ಹೆಂಚಿನ ಮನೆ ಇದ್ದಲ್ಲಿ ಮೂರಂತಸ್ತು ಎದ್ದಿದೆ. ಅದಕ್ಕೆಲ್ಲ ಮನಸ್ಸು ಹೇಗೋ ಒಗ್ಗಿದೆ. ನಾನು ಕಳೆದುಕೊಂಡಿದ್ದೇ ಬೇರೆ. ಮೊದಲ ಪಟಾಕಿ ಸದ್ದಿಗೆ ಹಾಸಿಗೆಯಿಂದ ಎದ್ದು ಬೀದಿಗೆ ಓಡುತ್ತಿದ್ದ ಹುಡುಗಿ ನಾನು. ಈಗ ಎಲ್ಲೋ ದೂರದಲ್ಲಿ ಒಂದು ಸಿಡಿದರೂ ಕೈಯಲ್ಲಿನ ಕೆಲಸ ಬಿಟ್ಟು, ನಮ್ಮವರೆಲ್ಲ ಒಳಗಿದ್ದಾರಾ ಎಂದು ಕೋಣೆ ಕೋಣೆ ನೋಡಿ ಬರುತ್ತೇನೆ.