ನನ್ನ ತೋಟದ ಹುಳ ಕದ್ದಾಕೆ

ಆಯಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾವಿನ ಸೊನೆ ಹತ್ತಿ ಹತ್ತಿ ಕಪ್ಪಾಗಿ, ದಪ್ಪಗೆ ಬೆಳೆದಿತ್ತು. ನೆಲಕ್ಕೆ ಬಿದ್ದ ಹಣ್ಣಿನ ತೊಟ್ಟಿನ ಹತ್ತಿರ ಆ ಉಗುರು ಊರಿ, ಒಂದೇ ಏಟಿಗೆ ಎರಡು ಹೋಳು ಮಾಡುತ್ತಿದ್ದಳು. ಒಳಗೆ ಅಕ್ಕಿಕಾಳಿನಂಥ ಬಿಳಿ ಹುಳಗಳು ಮಿಸುಕಾಡುತ್ತಿದ್ದವು. ಅದನ್ನು ನನ್ನ ಮೂಗಿನ ತನಕ ತಂದು ಹಿಡಿದು, "ನೋಡ್ರಿ ಮೇಷ್ಟ್ರೆ, ನಿಮ್ಮ ಸಾಕಣೆ," ಎನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಹುಳ ತೋರಿಸಿಕೊಂಡು ಪಾಠ ಹೇಳಿಸಿಕೊಳ್ಳುವ ಗ್ರಹಚಾರ ಬೇಸಿಗೆ ರಜೆಯ ತುಂಬ ನನಗೆ ದಿನಾ ಇತ್ತು.

ಆಯಮ್ಮ ನನ್ನ ಪಕ್ಕದ ತೋಟದಾಕೆ. ತ್ಯಾವಣಿಗೆಯ ಸುತ್ತ ಒಬ್ಬೊಬ್ಬರೇ ಮಾವು ಕಡಿದು ಅಡಿಕೆ ಹಾಕಿದ ಮೇಲೆ ನಮ್ಮ ಮಗ್ಗುಲಲ್ಲಿ ಉಳಿದದ್ದು ಎರಡೇ ಮಾವಿನ ತೋಟ, ಅವಳದು ಮತ್ತು ನನ್ನದು. ನಡುವೆ ಒಂದು ಕತ್ತಾಳೆ ಬೇಲಿ. ಹಣ್ಣಿನ ನೊಣಕ್ಕೆ ಬೇಲಿಯ ಹಂಗಿಲ್ಲ. ಅದು ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಹಣ್ಣು ಕೊಳೆತು ಉದುರುತ್ತದೆ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಅದಕ್ಕೇ ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ ಉದುರಿದ ಹಣ್ಣನ್ನು ದಿನಾ ಆಯ್ದು, ಆಳದ ಗುಂಡಿಗೆ ಹಾಕಿ ಮುಚ್ಚಬೇಕೆಂಬುದು ಆಯಮ್ಮನ ಶಾಸನ. ಬಿಸಿಲೇರುವ ಮೊದಲೇ ಬುಟ್ಟಿ ಹಿಡಿದು, ಒಂದು ಮರವನ್ನೂ ಬಿಡದೆ ಬಗ್ಗಿ ಬಗ್ಗಿ ಆಯುತ್ತಿದ್ದಳು. ನಾನು ಆಯುತ್ತಿರಲಿಲ್ಲ. ಅಪ್ಪನಿಂದ ತೋಟ ನನ್ನ ಕೈಗೆ ಬಂದ ವರ್ಷವೇ ಪವರ್ ಸ್ಪ್ರೇಯರ್ ತಂದಿದ್ದೆ. ಅಂಗಡಿಯವನು ಕೊಟ್ಟ ಎಣ್ಣೆ ಹೊಡೆಸಿ ನಿಶ್ಚಿಂತೆಯಾಗಿದ್ದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೇಳುವುದು.

"ಹುಳ ಹಣ್ಣಿನ ಒಳಗೈತೆ, ನಿಮ್ಮ ಎಣ್ಣೆ ಸಿಪ್ಪೆ ಮ್ಯಾಲೈತೆ. ಇಬ್ರೂ ಭೇಟಿ ಆಗೋದು ಯಾವಾಗ?" ಎಂದು ಆಯಮ್ಮ ಬೇಲಿಯಾಚೆಯಿಂದ ಕೂಗುತ್ತಿದ್ದಳು. ನನ್ನ ತೋಟಕ್ಕೆ ಬಂದ ಕೂಲಿ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ನಾನು ಹಠಕ್ಕೆ ಇನ್ನೊಂದು ಸುತ್ತು ಹೊಡೆಸುತ್ತಿದ್ದೆ.

ಬಾಯಿ ಜೋರಿದ್ದರೂ ಮನಸ್ಸು ಬೆಣ್ಣೆಯಿರಬೇಕೆಂದು ಯಾರೂ ತಿಳಿಯಬೇಡಿ. ಮನಸ್ಸೂ ಜೋರೇ ಇತ್ತು. ನನ್ನ ಹೆಂಡತಿ ಯುಗಾದಿಗೆ ಒಯ್ದ ಹೋಳಿಗೆಯನ್ನು, "ಮೊದ್ಲು ಬಿದ್ದ ಹಣ್ಣು ಆಯಾಕೆ ಹೇಳ್ರಿ ನಿಮ್ಮ ಯಜಮಾನ್ರಿಗೆ," ಎಂದು ಬಾಗಿಲಲ್ಲೇ ವಾಪಸ್ ಕೊಟ್ಟವಳು.

ಒಂದು ವರ್ಷ ಚನ್ನಗಿರಿಯಿಂದ ಕೇಣಿದಾರ ಬಂದ. ಮರದ ಮೇಲಿನ ಫಸಲನ್ನು ಇಡಿಯಾಗಿ ಮಾತಾಡಿ ಹಿಡಿಯುವ ವ್ಯಾಪಾರಿ. ಅವನು ಒಪ್ಪಿದರೆ ನನ್ನ ವರ್ಷದ ಬೆಳೆ ದಡ ಸೇರಿದಂತೆ. ಅವನ ಕಣ್ಣು ನೆಲಕ್ಕೆ ಬೀಳದಿರಲಿ ಎಂದು ನಾನು ಮೇಲಿನ ಗೊಂಚಲುಗಳನ್ನೇ ತೋರಿಸುತ್ತಿದ್ದೆ. ಆಯಮ್ಮ ಬೇಲಿಯ ಕಂಡಿಯಿಂದ ನುಗ್ಗಿ ಬಂದು, ಕೈಗೆಟುಕುವ ಕೊಂಬೆಯಿಂದ ನಾಲ್ಕು ಹಣ್ಣು ಕಿತ್ತು, ಒಂದೊಂದೇ ಸೀಳಿ ಅವನ ಮುಂದೆ ಹಿಡಿದಳು. ನಾಲ್ಕರಲ್ಲಿ ಮೂರು ಹುಳದ್ದು.

"ಈ ತೋಟ ಹಿಡೀಬ್ಯಾಡಪ್ಪ. ಕೆಳಗೆ ಬಿದ್ದಿದ್ದು ಆಯದೋರ ಮರದಾಗೆ ಹಣ್ಣು ಹೆಂಗೆ ಉಳಿತೈತೆ?"

ಕೇಣಿದಾರ ಕೈ ಒರೆಸಿಕೊಂಡು ಬೈಕ್ ಹತ್ತಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಬೇಲಿಯ ಕಂಡಿಗೆ ಜಾಲಿ ಮುಳ್ಳು ಹೇರಿಸಿ, ಆಯಮ್ಮನ ಜೊತೆ ಮಾತು ಬಿಟ್ಟೆ. ಕೇಳುವವರಿಲ್ಲದೆ ಹಣ್ಣು ಮರದ ಬುಡದಲ್ಲೇ ಉದುರಿ ಕೊಳೆಯತೊಡಗಿತು. ಕೊಳೆಯಲಿ, ಅವಳ ತೋಟಕ್ಕೂ ನೊಣ ನುಗ್ಗಲಿ ಎಂದು ಸುಮ್ಮನಿದ್ದೆ. ಮೇಷ್ಟ್ರಾದವನು ಹೇಳಿಕೊಳ್ಳುವ ಮಾತಲ್ಲ, ಆದರೂ ನಿಜ.

ವಾರ ಕಳೆದು ಒಂದು ಬೆಳಗ್ಗೆ ಹೋದರೆ ಆಯಮ್ಮ ನನ್ನ ಮರದ ಕೆಳಗೆ ಬಗ್ಗಿದ್ದಾಳೆ. ತೋಳಿನ ತುಂಬ ಮುಳ್ಳು ಗೀರಿದ ರಕ್ತ. ಪಕ್ಕದಲ್ಲಿ ಕೊಳೆತ ಹಣ್ಣು ತುಂಬಿದ ಬುಟ್ಟಿ. ದಾರಿಯಲ್ಲಿ ಕೆಲಸಕ್ಕೆ ಹೊರಟಿದ್ದ ಐದಾರು ಜನರಿಗೆ ಕೇಳಲಿ ಎಂದೇ ಕೂಗಿದೆ: "ಏನ್ರೀ ಅಮ್ಮಾ, ಕದಿಯಾಕೆ ಬಂದೀರಾ?"

ಆಯಮ್ಮ ಸೊಂಟ ಕೂಡ ನೆಟ್ಟಗೆ ಮಾಡಲಿಲ್ಲ. "ಹೌದ್ರಿ, ಕಳ್ಳಿನೇ ನಾನು. ನಿಮ್ಮ ಹುಳ ಕದಿಯಾಕೆ ಬಂದೀನಿ. ಪೊಲೀಸ್ರನ್ನ ಕರೀರಿ, ಅಷ್ಟರಾಗೆ ಈ ಸಾಲು ಮುಗಿಸ್ತೀನಿ."

ಜನ ನಕ್ಕರು. ಹುಳ ಆಯುವ ಮುದುಕಿಗೆ ತಲೆ ಸರಿಯಿಲ್ಲವೆಂದು ಅವತ್ತಿನಿಂದ ಊರೇ ಆಡಿಕೊಂಡಿತು. ಆ ಮಾತಿಗೆ ನಾನೂ ಹ್ಞೂಂಗುಟ್ಟಿದೆ. ಆದರೆ ಆ ಹಂಗಾಮು ಮುಗಿಯುವ ತನಕ ಆಯಮ್ಮ ದಿನಾ ಎರಡೂ ತೋಟ ಆಯ್ದಳು. ಉಪಕಾರಕ್ಕಲ್ಲ, ತನ್ನ ಹಣ್ಣು ಉಳಿಸಿಕೊಳ್ಳಲು. ಮುಂದಿನ ವರ್ಷವೂ ಬಂದಳು. ಮುಳ್ಳು ತೆಗೆಸಿರಿ ಎಂದು ಒಂದು ದಿನವೂ ಕೇಳಲಿಲ್ಲ. ನಾನೂ ತೆಗೆಸಲಿಲ್ಲ.

ಆ ವರ್ಷ ನನ್ನ ಮರಗಳಲ್ಲಿ ಹುಳದ ಹಣ್ಣು ಹುಡುಕಿದರೂ ಸಿಗುವುದು ಕಷ್ಟವಾಯಿತು. ಅದೇ ಕೇಣಿದಾರ ಬಂದು, ಹತ್ತು ಹಣ್ಣು ಕೊಯ್ದು ನೋಡಿ, ಅಲ್ಲೇ ವ್ಯಾಪಾರ ಮುಗಿಸಿದ. "ಏನು ಹೊಡದ್ರಿ ಸಾರ್?" ಎಂದ. ನನ್ನ ಬಾಯಿಗೆ ಎಣ್ಣೆಯ ಹೆಸರು ಬಂತು. ಊರಲ್ಲೂ ಅದನ್ನೇ ಹೇಳಿಕೊಂಡು ತಿರುಗಿದೆ. ಆಯಮ್ಮನ ಕಿವಿಗೂ ಬಿತ್ತಂತೆ. "ಮೇಷ್ಟ್ರ ಎಣ್ಣೆ ಬಾಳ ಜೋರೈತಂತೆ," ಎಂದಷ್ಟೇ ಅಂದು ಬುಟ್ಟಿ ಎತ್ತಿಕೊಂಡಳಂತೆ.

ಹೋದ ವರ್ಷ ಕಾಯಿ ಬಲಿಯುವ ಹೊತ್ತಿಗೆ ಆಯಮ್ಮ ಜ್ವರ ಬಂದು ಮಲಗಿದಳು. ನಾನು ನೋಡಲು ಹೋಗಲಿಲ್ಲ. ನಾಲ್ಕನೇ ದಿನ ತೀರಿಕೊಂಡಳು. ಅವಳ ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಆಯಮ್ಮನನ್ನು ಕಂಡರೆ ನನಗಾಗುತ್ತಿರಲಿಲ್ಲ, ಸತ್ತಳೆಂದು ಅದು ಬದಲಾಗಲಿಲ್ಲ. ಆದರೂ ಗುಂಡಿಗೆ ಮಣ್ಣು ಹಾಕುವಾಗ ಕಣ್ಣು ಬೇಲಿಯ ಜಾಲಿ ಮುಳ್ಳಿನ ಕಡೆಗೇ ಹೋಯಿತು. ಅವಳ ತೋಳಿನ ಗೀರುಗಳಿಗೆ ಕಾರಣ ನಾನೆಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಕೇಣಿದಾರನೂ ಬಂದಿದ್ದ. ಕೈ ತೊಳೆಯುವಾಗ ಪಕ್ಕಕ್ಕೆ ಸರಿದು, "ಸಾರ್, ಈ ಸಲ ಎಲ್ಲಾ ಕಡೆ ನೊಣ ಬಾಳ ಐತೆ. ಅವತ್ತು ಹೊಡದಿದ್ರಲ್ಲ, ಆ ಎಣ್ಣೆ ಹೆಸರು ಇನ್ನೊಂದ್ಸಲ ಹೇಳ್ರಿ. ನಮ್ಮೋರಿಗೆಲ್ಲ ಹೇಳ್ತೀನಿ," ಎಂದ. ಸುತ್ತ ಇದ್ದವರೂ ಇತ್ತ ತಿರುಗಿದರು.

ನನ್ನಿಂದ ತಡೆಯಲಾಗಲಿಲ್ಲ. "ಎಣ್ಣೆಯಿಂದ ಅಲ್ರಿ. ನನ್ನ ತೋಟ ಉಳಿಸಿದ್ದು ಈ ಅಮ್ಮ. ಬಿದ್ದಿದ್ದೆಲ್ಲ ಆಯ್ದು ಹೂತರು. ಅವರನ್ನ ನಾನು ಕಳ್ಳಿ ಅಂದೆ. ನಿಮಗೆಲ್ಲ ಸುಳ್ಳು ಹೇಳಿದೆ," ಎಂದೆ.

ಕೇಣಿದಾರ ನನ್ನ ಭುಜ ಮುಟ್ಟಿ, "ದೊಡ್ಡ ಮನಸು ಸಾರ್ ನಿಮ್ದು. ಆಯಮ್ಮ ಅಷ್ಟು ಕಾಟ ಕೊಟ್ರೂ ಸತ್ತ ಮ್ಯಾಲೆ ಎಷ್ಟು ಚಂದ ಮಾತಾಡಿದ್ರಿ," ಎಂದ. ಸುತ್ತಲಿದ್ದವರು ಹೌದು ಹೌದು ಎಂದರು. ಮೇಷ್ಟ್ರು ಅಂದ್ರೆ ಹಿಂಗಿರಬೇಕು ಎಂದು ಹಿಂದಿನಿಂದ ಯಾರೋ ಅಂದರು.

ಕೇಣಿದಾರ ಜೇಬಿನಿಂದ ಪೆನ್ನು ತೆಗೆದು, "ಈಗ ಆ ಎಣ್ಣೆ ಹೆಸರು ಹೇಳ್ರಿ ಸಾರ್," ಎಂದು ಕಾದು ನಿಂತ.